ರೂಮಿನೊಳಗೆ ಪ್ರೊಜೆಕ್ಷನ್ ಮ್ಯಾಪಿಂಗ್: ಬಣ್ಣ ನಾನು ಹೇಗೆ ಆರಿಸ್ತೀನಿ

ಪ್ರೊಜೆಕ್ಷನ್ ಮ್ಯಾಪಿಂಗ್ ಅಂದ್ರೆ ಗೋಡೆ, ಗೂಡು, ಕಪಾಟು ಇವುಗಳ ಆಕಾರಕ್ಕೆ ಸರಿಯಾಗಿ ಕೂರೋ ಹಾಗೆ ಪ್ರೊಜೆಕ್ಟರ್‌ನಿಂದ ಚಿತ್ರ ಹಾಕೋದು. ಅದಕ್ಕೆ ಬಣ್ಣಗಳನ್ನ ನಾನು ಲ್ಯಾಪ್‌ಟಾಪ್ ನೋಡ್ಕೊಂಡು ಫೈನಲ್ ಮಾಡಲ್ಲ, ಗೋಡೆ ಮುಂದೆ ನಿಂತೇ ಮಾಡೋದು. ಪ್ರೊಜೆಕ್ಟರ್ ಬರೀ ಬೆಳಕು ಕೊಡತ್ತೆ ಅಷ್ಟೇ, ಅದ್ರಲ್ಲಿ ಯಾವ ಬಣ್ಣ ಎಷ್ಟು ವಾಪಸ್ ಬರ್ಬೇಕು ಅನ್ನೋದು ಗೋಡೆಗೆ ಬಿಟ್ಟಿದ್ದು. ಅದಕ್ಕೇ ಮೊದಲು ರೂಮ್ ಪೂರ್ತಿ ಕತ್ತಲು ಮಾಡಿ ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ನೋಡ್ತೀನಿ, ಫೋಟೋ ತೆಗೆಯೋದಾದ್ರೆ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಕ್ಯಾಮೆರಾ ಬಣ್ಣ ಹೊಂದಿಸೋ ಸೆಟ್ಟಿಂಗ್) ಲಾಕ್ ಮಾಡಿರ್ಬೇಕು, ಇಲ್ಲಾಂದ್ರೆ ಅದು ತಾನಾಗೇ ಸರಿ ಮಾಡಿಬಿಡತ್ತೆ, ನಮಗೆ ಏನೂ ಗೊತ್ತಾಗಲ್ಲ.

ಕ್ರೀಮ್ ಕಲರ್ ಗೋಡೆ ತಗೊಳ್ಳಿ, ಮನೆ ಆಫೀಸು ಎಲ್ಲಾ ಕಡೆ ಅದೇ ಜಾಸ್ತಿ ಇರೋದು. ಅದು ನೀಲಿ ಬೆಳಕನ್ನ ಒಂದಿಷ್ಟು ನುಂಗತ್ತೆ. ತಿಳಿ ಆಕಾಶ ನೀಲಿ ಹಾಕಿದ್ರೆ ಹಸಿರು ತಿರುಗಿದ ಬೂದಿ ಥರ ಮಂಕಾಗಿ ಕೂರತ್ತೆ, ಮೆಜೆಂಟಾ (ಕೆಂಪು ನೀಲಿ ಸೇರಿದ ಬಣ್ಣ) ಕೆಂಪಿನ ಕಡೆ ವಾಲತ್ತೆ, ಆದ್ರೆ ಕಿತ್ತಳೆ, ಇಟ್ಟಿಗೆ ಕೆಂಪು, ಅರಿಶಿನದ ಬಣ್ಣ ಇವೆಲ್ಲ ಎಷ್ಟು ಚೆನ್ನಾಗಿ ತುಂಬಿಕೊಂಡು ಬರತ್ತೆ ಅಂದ್ರೆ ಗೋಡೆನೇ ಒಳಗಿಂದ ಉರೀತಿದೆ ಅನ್ಸತ್ತೆ. ಸಾಫ್ಟ್‌ವೇರಲ್ಲಿ ಕರೆಕ್ಷನ್ ಮಾಡ್ಬಹುದು ನಿಜ, ಆದ್ರೆ ಕರೆಕ್ಷನ್ ಅಂದ್ರೆ ಕೆಂಪು ಹಸಿರು ಕಮ್ಮಿ ಮಾಡೋದು, ಇಲ್ಲದ ನೀಲಿನ ಎಲ್ಲಿಂದಲೂ ತರೋಕಾಗಲ್ಲ, ಒಟ್ಟು ಬೆಳಕೇ ಇಳಿದು ಹೋಗತ್ತೆ. ನಾನಂತೂ ಗೋಡೆ ಜೊತೆ ಗುದ್ದಾಡೋಕೆ ಹೋಗಲ್ಲ, ಗೋಡೆ ಬಣ್ಣವೂ ಪ್ಯಾಲೆಟ್‌ನಲ್ಲಿ ಒಂದು ಅಂತ ಇಟ್ಕೊಂಡೇ ಉಳಿದದ್ದು ಆರಿಸ್ತೀನಿ.

ನೀಲಿ ಬಗ್ಗೆ ಇನ್ನೊಂದು ಮಾತು. ಎಚ್‌ಡಿ ವಿಡಿಯೋದ ಬಣ್ಣಕ್ಕಿರೋ ರೆಕ್ 709 ಅನ್ನೋ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಬಿಳಿಯ ಹೊಳಪಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿಂದು 21%, ನೀಲಿದು ಬರೀ 7%. ಹಾಗಾಗಿ ಶುದ್ಧ ನೀಲಿಯಲ್ಲಿ ಸಣ್ಣ ಗೆರೆ, ಅಕ್ಷರ ಹಾಕಿದ್ರೆ ದೂರದಿಂದ ಕಾಣೋದೇ ಇಲ್ಲ, ಸ್ವಲ್ಪ ಹಸಿರು ಬೆರೆಸಲೇಬೇಕು. ಪ್ರೊಜೆಕ್ಟರ್ ಕೊಳ್ಳುವಾಗಲೂ ನೋಡಿ, ಲ್ಯೂಮೆನ್ಸ್ ಅಂತ ಹೇಳೋ ಬೆಳಕಿನ ಅಳತೆ ಬಿಳಿ ಬೆಳಕಿಂದು. ಕಲರ್ ವೀಲಲ್ಲಿ (ತಿರುಗೋ ಬಣ್ಣದ ಫಿಲ್ಟರ್ ಚಕ್ರ) ಬಿಳಿ ಭಾಗ ಇರೋ ಸಿಂಗಲ್ ಚಿಪ್ ಡಿಎಲ್‌ಪಿ, ಅಂದ್ರೆ ಒಂದೇ ಚಿಪ್‌ನ ಪುಟ್ಟ ಕನ್ನಡಿಗಳಿಂದ ಚಿತ್ರ ಮಾಡೋ ಪ್ರೊಜೆಕ್ಟರ್ ಆದ್ರೆ ಗಾಢ ಬಣ್ಣಗಳು ಆ ನಂಬರ್ ಹೇಳಿದಷ್ಟು ಬ್ರೈಟ್ ಬರಲ್ಲ.

ಕಟ್ಟಡದ ಹೊರಗೋಡೆಗೂ ರೂಮಿಗೂ ದೊಡ್ಡ ವ್ಯತ್ಯಾಸ ಅಂದ್ರೆ ಬೆಳಕು ಪುಟಿಯೋದು. ಹೊರಗೆ ಗೋಡೆಗೆ ಬಿದ್ದ ಬೆಳಕು ಆಕಾಶಕ್ಕೆ ಹೋಯ್ತು, ಕಥೆ ಮುಗೀತು. ರೂಮಲ್ಲಿ ಹಾಗಲ್ಲ, ಒಂದು ಗೋಡೆಗೆ ಕೆಂಪು ಹಾಕಿ ಮೂಲೆಯಲ್ಲಿ ನಿಂತು ನೋಡಿ, ಪಕ್ಕದ ಗೋಡೆ ಮೇಲೆ ಮೂಲೆ ಹತ್ರ ಗುಲಾಬಿ ಛಾಯೆ ಹರಡಿರತ್ತೆ, ಸೀಲಿಂಗ್ ಅಂಚೂ ಕೆಂಪಗಾಗಿರತ್ತೆ, ಕಿಟಕಿ ಫ್ರೇಮಿನ ಒಳಮೈಗೂ ಬಂದಿರತ್ತೆ. ಆ ಪಕ್ಕದ ಗೋಡೆಗೆ ಕೆಂಪಿನ ವಿರುದ್ಧ ಬಣ್ಣ ಸಯಾನ್ (ಹಸಿರು ನೀಲಿ ಸೇರಿದ್ದು) ಕೊಟ್ರೆ ಮೂಲೆಯಲ್ಲಿ ಎರಡೂ ಸೇರಿ ಬಣ್ಣ ಸೋರಿ ಹೋಗಿ ಬೂದು ಬಿಳುಪು ಉಳಿಯತ್ತೆ. ಅದಕ್ಕೆ ಅಕ್ಕಪಕ್ಕದ ಗೋಡೆಗಳಿಗೆ ನಾನು ಹತ್ತಿರದ ಬಣ್ಣಗಳನ್ನೇ ಕೊಡೋದು, ಕಿತ್ತಳೆ ಪಕ್ಕ ಹಳದಿ, ನೀಲಿ ಪಕ್ಕ ನೇರಳೆ, ಆಗ ಪುಟಿದ ಬೆಳಕೂ ಕೆಲಸಕ್ಕೆ ಬರತ್ತೆ, ಮೂಲೆ ಮೆತ್ತಗೆ ಕೂಡಿಕೊಳ್ಳತ್ತೆ. ವಿರುದ್ಧ ಬಣ್ಣ ಬೇಕೇ ಬೇಕು ಅಂದ್ರೆ ಒಂದೇ ಗೋಡೆ ಮಧ್ಯೆ ಚಿಕ್ಕ ಜಾಗದಲ್ಲಿ, ಒಂದು ಗೂಡಿನ ಒಳಗೆ, ಒಂದು ಕಪಾಟಿನ ಅಂಚಿಗೆ. ಇನ್ನು ದೊಡ್ಡ ಗೋಡೆ ತುಂಬಾ ಬಿಳಿ ಮಾತ್ರ ಬೇಡ್ವೇ ಬೇಡ, ಇಡೀ ರೂಮಿಗೆ ಟ್ಯೂಬ್‌ಲೈಟ್ ಹಾಕಿದಂಗೆ ಆಗಿ ಬೇರೆ ಗೋಡೆಗಳ ಕತ್ತಲನ್ನೆಲ್ಲ ತಿಂದು ಹಾಕತ್ತೆ.

ಕಪ್ಪು ಅಂತೂ ಪ್ರೊಜೆಕ್ಟರ್ ಹತ್ರ ಇಲ್ಲವೇ ಇಲ್ಲ. ಕಪ್ಪು ಫ್ರೇಮ್ ಹಾಕಿದ್ರೂ ಸ್ವಲ್ಪ ಬೆಳಕು ಸೋರ್ತಾನೇ ಇರತ್ತೆ, ಎರಡು ಪ್ರೊಜೆಕ್ಟರ್ ಒಂದರ ಮೇಲೊಂದು ಬಿದ್ದಿರೋ ಕಡೆ ಆ ಸೋರಿಕೆ ಡಬಲ್ ಆಗಿ ಬೂದು ಪಟ್ಟಿನೇ ಎದ್ದು ಕಾಣತ್ತೆ. ಆ ಜಾಗಕ್ಕೆ ಗಾಢ ಸೀನ್ ಇಡಲ್ಲ, ಮಧ್ಯಮ ಹೊಳಪಿಂದೇ ಏನಾದ್ರೂ ಕೊಡ್ತೀನಿ. ಕಡು ಬಣ್ಣದ ಗ್ರೇಡಿಯಂಟಲ್ಲೂ (ಬಣ್ಣ ಮೆಲ್ಲಗೆ ಬದಲಾಗ್ತಾ ಹೋಗೋ ಕಡೆ) ವಿಡಿಯೋ 8 ಬಿಟ್ ಆದ್ರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ, ಗೆರೆ ಗೆರೆಯಾಗಿ ಕಾಣತ್ತೆ, ಸ್ವಲ್ಪ ಗ್ರೇನ್ (ಸಣ್ಣ ಚುಕ್ಕಿಗಳು) ಸೇರಿಸಿದ್ರೆ ಸರಿಹೋಗತ್ತೆ.

ಒಂದೇ ಬಣ್ಣದಲ್ಲಿ ತುಂಬ ಹೊತ್ತು ಕೂತ್ರೆ ಕಣ್ಣು ಅದಕ್ಕೆ ಹೊಂದ್ಕೊಂಡು ಕಿತ್ತಳೆ ಕೂಡ ಪೇಲವ ಅನ್ಸೋಕೆ ಶುರುವಾಗತ್ತೆ. ನಡುವೆ ಸ್ವಲ್ಪ ಹೊತ್ತು ತಣ್ಣನೆ ಬಣ್ಣ ತಂದು ಮತ್ತೆ ವಾಪಸ್ ಹೋದ್ರೆ ಅದೇ ಕಿತ್ತಳೆ ಹೊಸದಾಗಿ ಹೊಳೆಯತ್ತೆ, ಈ ಕ್ಷಣ ನನಗೆ ಇಡೀ ಕೆಲಸದಲ್ಲೇ ತುಂಬ ಇಷ್ಟ.

ಆಮೇಲೆ ರೂಮಲ್ಲಿ ಜನ ಓಡಾಡ್ತಿರ್ತಾರೆ, ಬೆಳಕು ಅವರ ಮುಖಕ್ಕೂ ಬೀಳತ್ತೆ. ಹಸಿರು ಬಿದ್ರೆ ಯಾರಾದ್ರೂ ಜ್ವರ ಬಂದವರ ಥರ ಕಾಣ್ತಾರೆ, ಹಾಗಾಗಿ ಹಸಿರನ್ನ ತಲೆ ಎತ್ತರಕ್ಕಿಂತ ಮೇಲಿನ ಭಾಗಕ್ಕೇ ಇಡ್ತೀನಿ, ಕೆಳಗೆಲ್ಲ ಬೆಚ್ಚನೆ ಬಣ್ಣ.