ಖಳನಾಯಕನ ಕಥೆಯನ್ನು ಎರಡನೇ ಸಲ ನೋಡುವುದು ಹೇಗೆ?

ನಾನು ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ದೂರದ ದೇಶದ ಒಂದು ಬಂದೂಕಿನ ಗುಂಪಿನ ಬಗ್ಗೆ ಇಡೀ ಜಗತ್ತು ಒಂದೇ ಅಭಿಪ್ರಾಯಕ್ಕೆ ಬರುವುದು ಹೇಗೆ ಅಂತ ತೋರಿಸಬೇಕಾದಾಗ ‘ಕೋನಿ 2012’ ವಿಡಿಯೊ ಹಾಕುತ್ತೇನೆ. ಅಮೆರಿಕದ ಒಂದು ಸಂಸ್ಥೆ 2012ರ ಮಾರ್ಚ್‌ನಲ್ಲಿ ಬಿಟ್ಟಿದ್ದು. ಅರ್ಧ ಗಂಟೆಯದು. ಆರೇ ದಿನದಲ್ಲಿ 10 ಕೋಟಿ ವೀಕ್ಷಣೆ ದಾಟಿತ್ತು. ಉಗಾಂಡಾದ ಜೋಸೆಫ್ ಕೋನಿ, ಅವನ ‘ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ’ ಎಂಬ ಬಂಡುಕೋರ ಪಡೆ, ಅವರು ಹೊತ್ತೊಯ್ದ ಮಕ್ಕಳು, ಇದೇ ಕಥೆ. ನೀವೂ ಮನೆಯಲ್ಲಿ ಮಾಡಿ ನೋಡಿ. ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್ ಸಾಕು.

ಮೊದಲ ಸಲ ಸುಮ್ನೆ ನೋಡಿ. ಕಣ್ಣೀರು ಬಂದರೆ ಬರಲಿ. ಹಿನ್ನೆಲೆ ಸಂಗೀತ ಇರೋದೇ ಅದಕ್ಕೆ.

ಎರಡನೇ ಸಲ ಸ್ಟಾಪ್‌ವಾಚ್ ಒತ್ತಿ. ಯಾರು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ಬರೆದುಕೊಳ್ಳಿ. ಕಥೆ ಹೇಳುವವನು ಅಮೆರಿಕದ ನಿರ್ದೇಶಕ. ಕೋನಿ ಕೆಟ್ಟವನು ಅಂತ ಅವನು ವಿವರಿಸುವುದು ತನ್ನ ಪುಟ್ಟ ಮಗನಿಗೆ. ಅಂದರೆ ನಾವೆಲ್ಲ ಆ ಮಗುವಿನ ಪಕ್ಕ ಕೂತು ಕೇಳುತ್ತೇವೆ. ಉಗಾಂಡಾದವರ ಪಾಲಿಗೆ ಸಿಗುವುದು ಕಡಿಮೆ ಸಮಯ.

ಆಮೇಲೆ ಇಸವಿ ಹುಡುಕಿ. ಉತ್ತರ ಉಗಾಂಡಾದ ಗುಲು ಪಟ್ಟಣದಲ್ಲಿ ರಾತ್ರಿ ಮಕ್ಕಳು ಸಾಲಾಗಿ ಮಲಗಿರುವ ದೃಶ್ಯ ಇದೆಯಲ್ಲ, ಅದು ಹಳೆಯದು. ಕೋನಿಯ ಪಡೆ 2006ರ ಹೊತ್ತಿಗೇ ಉಗಾಂಡಾ ಬಿಟ್ಟು ಕಾಂಗೋ ಕಡೆಗೆ ಹೋಗಿತ್ತು. ವಿಡಿಯೊದಲ್ಲಿ ಈ ಮಾತು ಇಲ್ಲ ಅಂತಲ್ಲ, ಒಂದೇ ಉಸಿರಿನಲ್ಲಿ ಬಂದು ಹೋಗುತ್ತದೆ. ಮಕ್ಕಳ ಮುಖ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಈಗ ಕಥೆಯ ಶುರುವನ್ನು ಹಿಂದಕ್ಕೆ ತಳ್ಳಿ. ನನ್ನ ಪ್ರಕಾರ ಇದೇ ಮುಖ್ಯ ಕೆಲಸ, ಇದಕ್ಕೇ ಜಾಸ್ತಿ ಹೊತ್ತು ಕೊಡಿ. 1986ರಲ್ಲಿ ಉಗಾಂಡಾದಲ್ಲಿ ಯೊವೆರಿ ಮುಸೆವೆನಿ ಬಂದೂಕಿನ ಬಲದಿಂದಲೇ ಅಧಿಕಾರ ಹಿಡಿದರು. ಸೋತ ಸೈನ್ಯದಲ್ಲಿದ್ದ ಅಚೋಲಿ ಸಮುದಾಯದವರು ತಮ್ಮ ಸೀಮೆಯಾದ ಉತ್ತರಕ್ಕೆ ಓಡಿದರು. ಅಲ್ಲಿ ಹುಟ್ಟಿದ ಬಂಡಾಯಗಳಲ್ಲಿ ಕೋನಿಯದೂ ಒಂದು. 1996ರಿಂದ ಸರ್ಕಾರ ಹಳ್ಳಿಯವರನ್ನು ‘ರಕ್ಷಣೆ’ಯ ಹೆಸರಲ್ಲಿ ಕ್ಯಾಂಪುಗಳಿಗೆ ತುಂಬಿತು. ಯುದ್ಧ ಜೋರಾಗಿದ್ದಾಗ ಮನೆ ಬಿಟ್ಟವರು 15 ಲಕ್ಷಕ್ಕೂ ಹೆಚ್ಚು. 2005ರ ಒಂದು ಸಮೀಕ್ಷೆಯ ಅಂದಾಜಿನಂತೆ ಅಚೋಲಿ ಸೀಮೆಯಲ್ಲಿ ವಾರಕ್ಕೆ ಮಾಮೂಲಿಗಿಂತ ಸುಮಾರು 1,000 ಹೆಚ್ಚುವರಿ ಸಾವು. ಹೆಚ್ಚಿನವು ರೋಗರುಜಿನದಿಂದ. ಈ ಸಾವಿಗೆ ಪೋಸ್ಟರ್ ಮೇಲೆ ಹಾಕಲು ಒಂದು ಮುಖ ಇಲ್ಲ. ಹಾಗಾಗಿ ಇಂಥ ಕಥೆಯಿಂದ ಮೊದಲು ಜಾರಿಹೋಗುವುದು ಇದೇ.

ಇಲ್ಲಿಗೆ ಬಂದಾಗ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುತ್ತಾರೆ: ‘ಹಾಗಾದ್ರೆ ಕೋನಿ ಒಳ್ಳೆಯವನಾ ಸರ್?’ ಖಂಡಿತ ಅಲ್ಲ. ತಕ್ಷಣ ಅಬೋಕೆ ಶಾಲೆಯ ಕಥೆ ಹೇಳಿ. 1996ರ ಅಕ್ಟೋಬರ್‌ನಲ್ಲಿ ಅವನ ಪಡೆ ಹಾಸ್ಟೆಲಿನಿಂದ 139 ಹುಡುಗಿಯರನ್ನು ಎಳೆದೊಯ್ದಿತು. ಆ ಶಾಲೆಯ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ರಾಕೆಲೆ ಕಾಡಿನಲ್ಲಿ ಬೆನ್ನಟ್ಟಿ ಹೋಗಿ 109 ಮಂದಿಯನ್ನು ಬಿಡಿಸಿಕೊಂಡು ಬಂದರು. 30 ಹುಡುಗಿಯರನ್ನು ಪಡೆಯವರು ಬಿಡಲಿಲ್ಲ. ಸರ್ಕಾರದ ತಪ್ಪು ಹೇಳಿದ ಮಾತ್ರಕ್ಕೆ ಇದು ಹಗುರಾಗುವುದಿಲ್ಲ.

ಮುಂದೆ, ಕಥೆಯಲ್ಲಿ ಕೂರದ ಒಬ್ಬರನ್ನು ತಂದು ಕೂರಿಸಿ. ಡೊಮಿನಿಕ್ ಒಂಗ್ವೆನ್ ಶಾಲೆಗೆ ಹೋಗುವ ದಾರಿಯಲ್ಲಿ ಅಪಹರಣವಾದ ಹುಡುಗ. ಅದೇ ಪಡೆಯಲ್ಲಿ ಬೆಳೆದು ಕಮಾಂಡರ್ ಆದ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2021ರಲ್ಲಿ 61 ಆರೋಪಗಳಲ್ಲಿ ಅವನನ್ನು ತಪ್ಪಿತಸ್ಥ ಎಂದು ತೀರ್ಮಾನಿಸಿ, 25 ವರ್ಷ ಜೈಲು ವಿಧಿಸಿತು. ಚಿಕ್ಕಂದಿನಲ್ಲಿ ಅಪಹರಣವಾಗಿದ್ದಕ್ಕೇ ಶಿಕ್ಷೆ ಅಷ್ಟಕ್ಕೆ ನಿಂತಿದ್ದು. ವಿಡಿಯೊದ ಲೆಕ್ಕದಲ್ಲಿ ಇವನನ್ನು ಯಾವ ಸಾಲಿಗೆ ಸೇರಿಸ್ತೀರಿ? ಮಕ್ಕಳು ಜಗಳ ಆಡಲಿ, ತಡೆಯಬೇಡಿ.

ಕಥೆ ನಿಮ್ಮಿಂದ ಏನು ಕೇಳುತ್ತಿದೆ ಅನ್ನೋದನ್ನೂ ಗಮನಿಸಿ. ಇಲ್ಲಿ ಕೇಳಿದ್ದು ಕೈಗೆ ಬ್ಯಾಂಡು, ಏಪ್ರಿಲ್ 20ರ ರಾತ್ರಿ ಗೋಡೆಗೆ ಪೋಸ್ಟರು, ಜೊತೆಗೆ 2011ರಲ್ಲಿ ಅಮೆರಿಕ ಕಳಿಸಿದ್ದ ಸುಮಾರು 100 ಸೇನಾ ಸಲಹೆಗಾರರು ಅಲ್ಲೇ ಇರುವಂತೆ ಒತ್ತಡ. ಕೋನಿ ಕೈಗೆ ಸಿಗದೆಯೇ 2017ರಲ್ಲಿ ಅಮೆರಿಕ ಆ ಕಾರ್ಯಾಚರಣೆ ನಿಲ್ಲಿಸಿತು.

ಕಡೆಗೆ, ಕಥೆ ಯಾರದೋ ಅವರು ಅದನ್ನು ನೋಡಿದಾಗ ಏನಾಯಿತು ಅಂತ ಹುಡುಕಿ. ವಿಡಿಯೊ ಬಂದ ಅದೇ 2012ರ ಮಾರ್ಚ್‌ನಲ್ಲಿ ಉತ್ತರ ಉಗಾಂಡಾದ ಲಿರಾ ಊರಿನ ಬಯಲಲ್ಲಿ ಪರದೆ ಕಟ್ಟಿ ವಿಡಿಯೊ ತೋರಿಸಿದರು. ಸಾವಿರಾರು ಜನ ಬಂದಿದ್ದರು, ಅಪಹರಣಕ್ಕೆ ಸಿಕ್ಕಿದ್ದವರೂ ಇದ್ದರು. ನಮ್ಮ ನೋವಿನ ಕಥೆಯಲ್ಲಿ ಈ ಬಿಳಿಯರೇ ಯಾಕೆ ಇಷ್ಟೊಂದು ಅಂತ ಸಿಟ್ಟಾದರು. ಕೋನಿಯ ಹೆಸರು, ಮುಖ ಅಂಗಿಯ ಮೇಲೆ ಹಾಕಿಕೊಳ್ಳುವುದಂತೂ ಅವರಿಗೆ ಸಹಿಸಲಾಗಲಿಲ್ಲ. ಕಲ್ಲು ಬಿದ್ದವು. ಪ್ರದರ್ಶನ ಗಲಾಟೆಯಲ್ಲಿ ಮುಗಿಯಿತು.

ಇದು ಕೈಗೆ ಹತ್ತಿದ ಮೇಲೆ ವಿಡಿಯೊ ಬಿಟ್ಟು ಒಂದು ಫೋಟೊ ತೆಗೆದುಕೊಳ್ಳಿ. 1983ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲಿ ಅಧ್ಯಕ್ಷ ರೇಗನ್ ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಅಫ್ಘನ್ ಹೋರಾಟಗಾರರ ಜೊತೆ ಕೂತಿರುವ ಫೋಟೊ, ಸುಲಭವಾಗಿ ಸಿಗುತ್ತದೆ. ಅದಕ್ಕೆ ಮೂರು ಅಡಿಬರಹ ಬರೆಸಿ: ವಾಷಿಂಗ್ಟನ್‌ನ ಪತ್ರಿಕೆಗೆ ಒಂದು, ಮಾಸ್ಕೊದ ಪತ್ರಿಕೆಗೆ ಒಂದು, ಪಾಕಿಸ್ತಾನದ ಪೆಶಾವರದ ನಿರಾಶ್ರಿತರ ಶಿಬಿರದಲ್ಲಿದ್ದ ಅಫ್ಘನ್ ಹೆಂಗಸಿನ ಮಾತಿನಲ್ಲಿ ಒಂದು. ಮೂರನೆಯದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ, ಅರ್ಧ ಪೀರಿಯಡ್ ಅದಕ್ಕೇ ಇಟ್ಟುಕೊಳ್ಳಿ.