ಲೂಪಸ್‌ಗೆ ಗಾಂಜಾ ಎಣ್ಣೆ: ನಾನು ವಿಚಾರಿಸಿದ್ದು, ತೆಗೆದುಕೊಂಡಿದ್ದು

ಲೂಪಸ್ ಅಂತ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಒಂದೊಂದು ಔಷಧಿ ಹೇಳಿಯೇ ಹೋಗುತ್ತಾರೆ. ಮೊದಲು ಅಮೃತಬಳ್ಳಿ, ಅಶ್ವಗಂಧ. ಈಗ ಗಾಂಜಾ ಎಣ್ಣೆ. ಅಮೃತಬಳ್ಳಿ ಬೇಡ ಅಂತ ನಾನು ಆಗಲೇ ಹೇಳಿಬಿಟ್ಟಿದ್ದೆ. ರೋಗನಿರೋಧಕ ಶಕ್ತಿ ಜಾಸ್ತಿ ಆಗಲಿ ಅಂತ ಅದನ್ನು ಕೊಡುತ್ತಾರೆ. ನಮ್ಮ ಕಾಯಿಲೆಯಲ್ಲಿ ಆ ಶಕ್ತಿಯೇ ನಮ್ಮ ಮೈಮೇಲೆ ತಿರುಗಿಬಿದ್ದಿದೆ ಅಲ್ವಾ? ಆದರೆ ಗಾಂಜಾ ಎಣ್ಣೆಯನ್ನು ಹಾಗೆ ಒಂದೇ ಮಾತಿಗೆ ತಳ್ಳಿಹಾಕಲು ಆಗಲಿಲ್ಲ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಬೆರಳು ಮಡಚಲು ಬರುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಕಳೆದವರಿಗೆ "ನೋವು ಹೋಗುತ್ತೆ, ನಿದ್ದೆ ಬರುತ್ತೆ" ಅನ್ನುವ ಮಾತು ಸಣ್ಣದಲ್ಲ.

ಆಗ ಲೂಪಸ್ ಹತೋಟಿಗೆ ಅಂತ ನಾನು ತೆಗೆದುಕೊಳ್ಳುತ್ತಿದ್ದದ್ದು ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಾಥಿಯೋಪ್ರಿನ್, ಜೊತೆಗೆ ಸ್ವಲ್ಪ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್. ಕಿಡ್ನಿಗೆ ಏನೂ ತೊಂದರೆ ಆಗಿರಲಿಲ್ಲ. ಡಿಎಸ್-ಡಿಎನ್ಎ, ಸಿ3, ಸಿ4 ಅಂತ ಕಾಯಿಲೆ ಎಷ್ಟು ಕೆರಳಿದೆ ಅನ್ನುವುದನ್ನು ತೋರಿಸುವ ರಕ್ತಪರೀಕ್ಷೆಯ ವರದಿಗಳು ಒಂದು ಮಟ್ಟಿಗೆ ಹತೋಟಿಯಲ್ಲಿದ್ದವು. ಉಳಿದದ್ದು ನೋವು, ನಿದ್ದೆಗೇಡು, ಸುಸ್ತು.

ಮೊದಲು ಮಾಡಿದ ಕೆಲಸ ಓದುವುದು. ಮಾರುವವರು ಹೇಳುವುದರಲ್ಲಿ ಒಂದು ಮಾತು ನಿಜ: ನಮ್ಮ ರೋಗನಿರೋಧಕ ಜೀವಕೋಶಗಳ ಮೇಲೆ ಗಾಂಜಾದ ಅಂಶಗಳು ಹೋಗಿ ಕೂರುವ ಜಾಗಗಳಿವೆ. ಸಿಬಿ2 ಅಂತ ಅದಕ್ಕೆ ಹೆಸರು. ಅದನ್ನೇ ಹಿಡಿದು ಲೆನಬಾಸಮ್ ಅನ್ನುವ ಮಾತ್ರೆಯೊಂದನ್ನು ಲ್ಯಾಬಿನಲ್ಲಿ ತಯಾರಿಸಿ, ಲೂಪಸ್ ಇರುವವರ ಕೀಲುನೋವಿಗೂ ಪರೀಕ್ಷೆ ಮಾಡಿದರು. ಲೂಪಸ್‌ನ ನೆಂಟನಂತಿರುವ ಸ್ಕ್ಲೆರೋಡರ್ಮಾ ಕಾಯಿಲೆಯಲ್ಲಿ ಅದರ ದೊಡ್ಡ ಪ್ರಯೋಗ 2020ರಲ್ಲಿ ಸೋತಿತು. ಮಾತ್ರೆ ಮಾರುಕಟ್ಟೆಗೆ ಬರಲಿಲ್ಲ. ಡೆನ್ಮಾರ್ಕ್‌ನಲ್ಲಿ ಕೀಲುನೋವಿನ 136 ಜನರನ್ನು ತೆಗೆದುಕೊಂಡು, ಕೆಲವರಿಗೆ ದಿನಕ್ಕೆ 20ರಿಂದ 30 ಮಿಲಿಗ್ರಾಂ ಸಿಬಿಡಿ (ಗಾಂಜಾದ ಮತ್ತೇರಿಸದ ಅಂಶ), ಉಳಿದವರಿಗೆ ಔಷಧಿಯಿಲ್ಲದ ಸುಳ್ಳು ಮಾತ್ರೆ ಅಂತ 12 ವಾರ ಕೊಟ್ಟು ನೋಡಿದರು. ಎರಡು ಗುಂಪುಗಳ ನಡುವೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲೂಪಸ್ಸನ್ನೇ ಈ ಎಣ್ಣೆ ತಗ್ಗಿಸುತ್ತದೆ ಅಂತ ತೋರಿಸಿಕೊಟ್ಟ ಪ್ರಯೋಗ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಹಾಗಾಗಿ ಒಂದು ತೀರ್ಮಾನ ಅಲ್ಲೇ ಆಯಿತು. ತೆಗೆದುಕೊಂಡರೂ ಇದು ನಿದ್ದೆಗೆ, ನೋವಿಗೆ. ಲೂಪಸ್‌ಗೆ ಅಲ್ಲ. ಇರುವ ಮಾತ್ರೆಗಳಲ್ಲಿ ಒಂದನ್ನೂ ಬಿಡುವ ಮಾತಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಎಣ್ಣೆ ಮಾರುವ ಒಂದು ಕಡೆಯಿಂದ ಫೋನಿನಲ್ಲಿ ಸಲಹೆ ಕೊಟ್ಟವರು "ಮೇಡಂ, ಮೂರು ತಿಂಗಳಲ್ಲಿ ಇಂಗ್ಲಿಷ್ ಔಷಧಿ ನಿಧಾನಕ್ಕೆ ಬಿಟ್ಟುಬಿಡಬಹುದು" ಅಂದರು. ನನ್ನ ರಿಪೋರ್ಟ್ ಕೇಳಲಿಲ್ಲ, ಕಿಡ್ನಿ ಹೇಗಿದೆ ಅಂತಲೂ ಕೇಳಲಿಲ್ಲ. ನನಗೆ ಮೈ ಉರಿದುಹೋಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಿದರೆ ಏನಾಗುತ್ತದೆ ಅಂತ ಕೆನಡಾದಲ್ಲಿ ನೋಡಿ 1991ರಲ್ಲೇ ಪ್ರಕಟಿಸಿದ್ದಾರೆ. ಕಾಯಿಲೆ ಸ್ಥಿರವಾಗಿದ್ದವರಲ್ಲೇ, ಮಾತ್ರೆ ನಿಲ್ಲಿಸಿದವರಿಗೆ ಅದು ಮತ್ತೆ ಕೆರಳಿದ್ದು ಎರಡೂವರೆ ಪಟ್ಟು ಜಾಸ್ತಿ. ಕೈಕಾಲು ನೋವು ಅಂತ ಫೋನ್ ಮಾಡಿದ ಹುಡುಗಿಯೊಬ್ಬಳು ಆ ಮಾತು ನಂಬಿ ಮಾತ್ರೆ ಬಿಟ್ಟರೆ, ಕಾಯಿಲೆ ಕಿಡ್ನಿಯ ತನಕ ಹೋಗಬಹುದು.

ಕಾನೂನಿನ ವಿಷಯ ಚಿಕ್ಕದಾಗಿ. 1985ರ ಎನ್‌ಡಿಪಿಎಸ್ ಅನ್ನುವ ಮಾದಕವಸ್ತು ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವಿನ ತುದಿ. ಹೂವಿನಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಅದರಲ್ಲಿ ಬರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಆ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ 2022ರಲ್ಲಿ ನಮ್ಮ ಹೈಕೋರ್ಟೂ ಒಂದು ಜಾಮೀನು ಅರ್ಜಿಯಲ್ಲಿ ಹೇಳಿತು. ಅದಕ್ಕೇ ಇಲ್ಲಿ ಸಿಗುವ ಎಣ್ಣೆಗಳು ಎಲೆಯ ಸಾರ ಅಂತ, ಆಯುರ್ವೇದ ಲೈಸೆನ್ಸ್ ಮೇಲೆ, "ವಿಜಯಾ" ಅನ್ನುವ ಹೆಸರಲ್ಲಿ ಬರುತ್ತವೆ. ವೈದ್ಯರ ಚೀಟಿ ಬೇಕು. ಯಾರೋ ಪರಿಚಯದ ಹುಡುಗ ತಂದುಕೊಡುವ ಲೇಬಲ್ ಇಲ್ಲದ ಬಾಟಲಿ ಬೇರೆಯೇ ವಿಷಯ. ಅದನ್ನು ಮುಟ್ಟಲೇ ಬೇಡಿ. ಇನ್ನೊಂದು, ಅಂಗಡಿಯಲ್ಲಿ ಸಿಗುವ ಹೆಂಪ್ ಸೀಡ್ ಆಯಿಲ್ ಬೀಜದಿಂದ ತೆಗೆದ ಅಡುಗೆ ಎಣ್ಣೆ. 2021ರಿಂದ ಅದು ಆಹಾರದ ಪಟ್ಟಿಯಲ್ಲಿದೆ. ಅದರಲ್ಲಿ ಸಿಬಿಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೋವಿಗೆ ಅಂತ ದುಡ್ಡು ಕೊಟ್ಟು ಅದನ್ನು ತರಬೇಡಿ.

ದುಬೈನಲ್ಲಿರುವ ತಂಗಿ "ಅಕ್ಕಾ, ನನಗೂ ಸೊಂಟನೋವು, ಬರುವಾಗ ಒಂದು ಬಾಟಲಿ ತಗೊಂಡು ಬಾ" ಅಂದಳು. ಬೇಡವೇ ಬೇಡ ಅಂದೆ. ಇಲ್ಲಿ ಚೀಟಿ ಮೇಲೆ ಸಿಕ್ಕಿದ್ದು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಜೈಲಿಗೆ ಕಳಿಸಬಹುದು. ಸಿಂಗಪುರಕ್ಕೂ ಇದೇ ಮಾತು.

ಆಮೇಲೆ ಲೂಪಸ್ ನೋಡುವ ನನ್ನ ಡಾಕ್ಟರ್, ರುಮಟಾಲಜಿಸ್ಟ್ ಹತ್ತಿರ ಹೋದೆ. ಬೈತಾರೇನೋ ಅಂದುಕೊಂಡಿದ್ದೆ, ಬೈಯಲಿಲ್ಲ. "ಈ ಎಣ್ಣೆಯಿಂದ ನಿಮಗೆ ಏನು ಆಗಬೇಕಮ್ಮಾ?" ಅಂತ ಕೇಳಿದರು. ನಿದ್ದೆ ಅಂದೆ. ಸ್ಟೀರಾಯ್ಡ್ ಯಾವ ಹೊತ್ತಿಗೆ ತಗೋತೀರಿ ಅಂದರು. ಹಳೆಯ ಚೀಟಿಯಲ್ಲಿದ್ದಂತೆ ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ. ರಾತ್ರಿ ಹೊತ್ತು ತೆಗೆದುಕೊಂಡ ಪ್ರೆಡ್ನಿಸೋಲೋನ್ ನಿದ್ದೆ ಕೆಡಿಸುತ್ತದೆ ಅಂತ ಪೂರ್ತಿಯನ್ನು ಬೆಳಗಿನ ತಿಂಡಿ ಆದ ಮೇಲೆ ಅಂತ ಬದಲಿಸಿದರು. ಸುಸ್ತಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ ಬರೆದರು. ಬಿಸಿಲಿಗೆ ಹೋಗದೆ ಇರುವ ನಮಗೆ ವಿಟಮಿನ್ ಡಿ ಕಡಿಮೆ ಇರುವುದೇ ಜಾಸ್ತಿ. ನನಗೂ ಕಡಿಮೆ ಇತ್ತು. ಇದೆಲ್ಲ ಸರಿಮಾಡಿಕೊಂಡು, ಆಮೇಲೂ ಬೇಕು ಅನ್ನಿಸಿದರೆ ಬನ್ನಿ ಅಂದರು. ನಿದ್ದೆ ಒಂದಿಷ್ಟು ಸುಧಾರಿಸಿತು. ಬೆರಳಿನ ನೋವು ಮಾತ್ರ ಹಾಗೇ ಇತ್ತು. ಮತ್ತೆ ಹೋದೆ.

ಆಗ ಅವರು ಗಂಭೀರವಾಗಿ ಹೇಳಿದ್ದು ಲಿವರ್ ಬಗ್ಗೆ. ಬೇರೆ ಮಾತ್ರೆಗಳನ್ನು ಕರಗಿಸುವ ಲಿವರ್‌ನ ಕಿಣ್ವಗಳಿಗೆ ಸಿಬಿಡಿ ಅಡ್ಡ ನಿಲ್ಲುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ ಏರಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರಿ ರಕ್ತಸ್ರಾವ ಆಗಬಹುದು. ಲೂಪಸ್ ಜೊತೆ ರಕ್ತ ಹೆಪ್ಪುಗಟ್ಟುವ ತೊಂದರೆ ಇರುವ ಎಷ್ಟೋ ಜನ ವಾರ್ಫರಿನ್ ಮೇಲೇ ಇರುತ್ತಾರೆ. ಇನ್ನು ನನ್ನ ಅಜಾಥಿಯೋಪ್ರಿನ್ ಲಿವರ್‌ಗೆ ಮೊದಲೇ ಭಾರ. 2018ರಲ್ಲಿ ಅಮೆರಿಕದಲ್ಲಿ ಅಪಸ್ಮಾರದ ಮಕ್ಕಳಿಗೆ ಅಂತ ಒಪ್ಪಿಗೆ ಪಡೆದ ಶುದ್ಧ ಸಿಬಿಡಿ ಔಷಧಿಗೂ ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು ಅಂತಲೇ ಸೂಚನೆ ಇದೆ. ಹಾಗಾಗಿ ಷರತ್ತು ಹಾಕಿದರು: ಶುರು ಮಾಡುವ ಮುಂಚೆ ಲಿವರ್ ಪರೀಕ್ಷೆ, ಅಂದರೆ ಎಲ್ಎಫ್‌ಟಿ, ನಡುವೆ ಮತ್ತೆ ಎಲ್ಎಫ್‌ಟಿ. ಟಿಎಚ್‌ಸಿ ಅನ್ನುವ ಮತ್ತೇರಿಸುವ ಅಂಶ ಜಾಸ್ತಿ ಇರುವುದು ಬೇಡ, ಅದು ಎದೆಬಡಿತ ಏರಿಸುತ್ತೆ. ಲೂಪಸ್‌ನಲ್ಲಿ ಹೃದಯದ ಕಾಳಜಿ ಮೊದಲೇ ಇರುತ್ತದೆ. ಮಗು ಬೇಕು ಅಂದುಕೊಂಡವರಿಗೆ, ಬಸುರಿಯರಿಗೆ ಈ ಎಣ್ಣೆ ಬೇಡವೇ ಬೇಡ.

ಚೀಟಿ ಒಬ್ಬ ಆಯುರ್ವೇದ ವೈದ್ಯರು ಬರೆದುಕೊಟ್ಟರು. ನನ್ನ ಮಾತ್ರೆಗಳ ಪಟ್ಟಿಯನ್ನು ಅವರೂ ನೋಡಿದರು. ಬಾಟಲಿ ಆರಿಸುವಾಗ ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿದೆ. ಒಬ್ಬರು ಕಳಿಸಿದ ರಿಪೋರ್ಟಿನ ಬ್ಯಾಚ್ ನಂಬರೇ ಬಾಟಲಿಯ ಮೇಲಿನದಕ್ಕೆ ಹೊಂದಲಿಲ್ಲ, ಅದನ್ನು ವಾಪಸ್ ಮಾಡಿದೆ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದಾಗ ಲೇಬಲ್ಲಿನಲ್ಲಿ ಬರೆದಷ್ಟೇ ಇದ್ದದ್ದು 26ರಲ್ಲಿ ಮಾತ್ರ. ಹಾಗಿರುವಾಗ ರಿಪೋರ್ಟ್ ಕೇಳುವುದಕ್ಕೆ ಸಂಕೋಚ ಯಾಕೆ?

ನಾನು ತಂದದ್ದು 30 ಮಿಲಿ ಬಾಟಲಿ, ಒಟ್ಟು 900 ಮಿಲಿಗ್ರಾಂ ಸಿಬಿಡಿ. ಅಂದರೆ ಒಂದು ಮಿಲಿಗೆ 30 ಮಿಲಿಗ್ರಾಂ. ಹನಿ ಲೆಕ್ಕ ನಂಬಲಿಲ್ಲ. ಡ್ರಾಪರ್ ಓರೆಯಾದರೆ ಹನಿ ದಪ್ಪ ಆಗುತ್ತದೆ. ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 1 ಮಿಲಿ ಸಿರಿಂಜ್ ತಂದು, ಕಾಲು ಗೆರೆಯವರೆಗೆ ಎಳೆದು, ಏಳೂವರೆ ಮಿಲಿಗ್ರಾಂನಿಂದ ಶುರು ಮಾಡಿದೆ. ಮಲಗುವ ಮುಂಚೆ ನಾಲಿಗೆ ಕೆಳಗೆ ಬಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಇರಬೇಕು. ಕಹಿ, ಹಸಿ ಸೊಪ್ಪಿನ ಒಗರು, ಗಂಟಲಲ್ಲಿ ಜಿಡ್ಡು. ಪ್ರತಿ ವಾರ ಸ್ವಲ್ಪ ಸ್ವಲ್ಪ ಏರಿಸಿದೆ. ಆ ದಿನಗಳಲ್ಲಿ ಬೆಳಿಗ್ಗೆ ಸ್ಕೂಟರ್ ಓಡಿಸಲಿಲ್ಲ.

ಕ್ಯಾಲೆಂಡರಿನ ಮೇಲೆ ದಿನಾ ಎರಡೇ ವಿಷಯ ಬರೆದೆ. ರಾತ್ರಿ ಎಷ್ಟು ಸಲ ಎಚ್ಚರ ಆಯಿತು. ಎದ್ದ ಎಷ್ಟು ಹೊತ್ತಿಗೆ ಹಾಲಿನ ಪ್ಯಾಕೆಟ್ ಕತ್ತರಿಸುವಷ್ಟು ಬೆರಳು ಬಗ್ಗಿತು. ಮನಸ್ಸಿಗೆ ಹಿತ ಅನ್ನಿಸಿದ್ದನ್ನೆಲ್ಲ ಗುಣ ಅಂದುಕೊಳ್ಳಬಾರದು ಅಂತ ಈ ಲೆಕ್ಕ. ಎಚ್ಚರ ಆಗುವುದು ಕಡಿಮೆ ಆಯಿತು, ಅದು ನಿಜ. ಬೆರಳಿನ ಬಿಗಿತ ಮಾತ್ರ ಇದ್ದಷ್ಟೇ ಇತ್ತು. ಡಿಎಸ್-ಡಿಎನ್ಎ, ಸಿ3ಗಳಲ್ಲೂ ಬದಲಾವಣೆ ಇಲ್ಲ. ನಡುವಿನ ಎಲ್ಎಫ್‌ಟಿಯಲ್ಲಿ ಎಸ್‌ಜಿಪಿಟಿ ಏರಿತ್ತು. ಲಿವರ್‌ಗೆ ಏಟಾಗುತ್ತಿದೆ ಅನ್ನುವ ಸೂಚನೆ ಅದು. ಮೈಗೆ ಏನೂ ಗೊತ್ತಾಗಿರಲಿಲ್ಲ. ಎಣ್ಣೆ ನಿಲ್ಲಿಸಿ, ಅಜಾಥಿಯೋಪ್ರಿನ್ ಹಾಗೇ ಇರಲಿ ಅಂದರು ಡಾಕ್ಟರ್. ಮುಂದಿನ ಪರೀಕ್ಷೆಯಲ್ಲಿ ಅದು ಇಳಿದಿತ್ತು. ಅಲ್ಲಿಗೆ ನಾನು ಎಣ್ಣೆ ಬಿಟ್ಟೆ. ಬೆರಳಿಗೆ ಈಗ ಬೆಳಿಗ್ಗೆ ಬಿಸಿನೀರು, ಫಿಸಿಯೋ ಕಲಿಸಿಕೊಟ್ಟ ವ್ಯಾಯಾಮ.

ಬಾಟಲಿಯಲ್ಲಿ ಇನ್ನೂ ಅರ್ಧ ಇದೆ ಅಂತ ಗೊತ್ತಾಗಿ ಪಕ್ಕದ ಮನೆ ಆಂಟಿ ಮಂಡಿನೋವಿಗೆ ಕೊಡು ಅಂದರು. ಅವರಿಗೆ ಹೃದಯದ ವಾಲ್ವ್ ಬದಲಾಯಿಸಿದೆ, ರಕ್ತ ತೆಳು ಮಾಡುವ ಮಾತ್ರೆ ದಿನಾ ತಗೋತಾರೆ. ಕೊಡಲಿಲ್ಲ. ಅವರಿಗೆ ಬೇಜಾರಾಯಿತು. ಮುಂದಿನ ಚೆಕಪ್‌ನಲ್ಲಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು, ಅವರ ಮಾತ್ರೆ ಡಬ್ಬಿಯಲ್ಲೇ ಇಟ್ಟು ಬಂದೆ.