ರಿಕೋಟಾ ನ್ಯೋಕಿ: ಮೊದಲು ನೀರು ಬಸಿಯಲಿ, ಮೈದಾ ಆಮೇಲೆ

ನ್ಯೋಕಿ ಎಂದರೆ ನೀರಿನಲ್ಲಿ ಬೇಯಿಸಿ ಸಾಸ್ ಜೊತೆ ತಿನ್ನುವ ಇಟಲಿಯ ಮೆತ್ತನೆಯ ಹಿಟ್ಟಿನ ಉಂಡೆ. ಆಲೂಗಡ್ಡೆ ನ್ಯೋಕಿಗಿಂತ ರಿಕೋಟಾ ಚೀಸ್‌ನ ನ್ಯೋಕಿ ಸುಲಭ. ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಲ್ಲೇ ಹಿಸುಕುವ ರಗಳೆ ಇಲ್ಲ. ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಚೀಸ್‌ನಲ್ಲಿ ಉಳಿದ ನೀರು. ನೀರಿದ್ದರೆ ಹಿಟ್ಟು ಕೈಗೆ ಅಂಟುತ್ತದೆ, ಅಂಟಿತೆಂದು ಇನ್ನಷ್ಟು ಮೈದಾ ಸುರಿಯುತ್ತೇವೆ, ಕೊನೆಗೆ ತಟ್ಟೆಗೆ ಬರುವುದು ರಬ್ಬರ್ ಉಂಡೆ.

ಇಟಲಿಯಲ್ಲಿ ರಿಕೋಟಾ ತಯಾರಾಗುವುದು ಬೇರೆ ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಮತ್ತೆ ಕಾಯಿಸಿದಾಗ. ಮನೆಯಲ್ಲಿ ಅಷ್ಟು ತಿಳಿನೀರು ಎಲ್ಲಿಂದ ಬರಬೇಕು? ನಾನು ಹಾಲನ್ನೇ ಒಡೆಸುತ್ತೇನೆ. ಎರಡು ಲೀಟರ್ ಫುಲ್ ಕ್ರೀಮ್ ಹಾಲನ್ನು ಉಕ್ಕು ಬರುವ ಮೊದಲೇ, ಸುಮಾರು 90 ಡಿಗ್ರಿಯಲ್ಲಿ, ಇಳಿಸುತ್ತೇನೆ. ನಾಲ್ಕು ದೊಡ್ಡ ಚಮಚ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಸ್ವಲ್ಪಸ್ವಲ್ಪವಾಗಿ ಹಾಕಿ, ಎರಡು ಸುತ್ತು ತಿರುವಿ ಹತ್ತು ನಿಮಿಷ ಮುಟ್ಟದೆ ಬಿಡುತ್ತೇನೆ. ಒಡೆದ ಮೇಲೆ ಕುದಿಸಿದರೆ, ಅಥವಾ ಪನೀರ್ ಮಾಡುವಂತೆ ಮೇಲೆ ಭಾರ ಇಟ್ಟರೆ, ಕಾಳು ಗಟ್ಟಿಯಾಗಿ ಬಾಯಲ್ಲಿ ಮರಳುಮರಳಾಗುತ್ತದೆ. ತೆಳು ಬಟ್ಟೆಯಲ್ಲಿ ಒಂದೂವರೆ ಗಂಟೆ ತೂಗುಹಾಕಿದರೆ ಸಾಕು. ಸುಮಾರು 400 ಗ್ರಾಂ ಸಿಗುತ್ತದೆ. ಬಸಿದ ನೀರನ್ನು ಚಪಾತಿ ಹಿಟ್ಟಿಗೆ ಬಳಸಿ.

ಸಾಕಷ್ಟು ಬಸಿದಿದೆಯೇ ಎಂದು ತಿಳಿಯಲು ಒಂದು ಚಮಚ ಚೀಸನ್ನು ಟಿಶ್ಯೂ ಕಾಗದದ ಮೇಲಿಡಿ. ನಿಮಿಷದಲ್ಲಿ ಅಗಲವಾದ ಒದ್ದೆ ವೃತ್ತ ಮೂಡಿದರೆ ಇನ್ನೂ ಅರ್ಧ ಗಂಟೆ ಬಸಿಯಬೇಕು. ಅಂಗಡಿಯ ಡಬ್ಬಿ ರಿಕೋಟಾಗೂ ಈ ಪರೀಕ್ಷೆ ಬೇಕು. ಅದರಲ್ಲಿ ನೀರು ಇನ್ನೂ ಹೆಚ್ಚು.

400 ಗ್ರಾಂ ರಿಕೋಟಾಗೆ ಒಂದು ಮೊಟ್ಟೆಯ ಹಳದಿ, 50 ಗ್ರಾಂ ನುಣ್ಣಗೆ ತುರಿದ ಪಾರ್ಮೆಸಾನ್, ಅರ್ಧ ಟೀ ಚಮಚ ಉಪ್ಪು, ಕಾಳುಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ. ಮೈದಾ 90 ಗ್ರಾಂನಿಂದ ಶುರು, 120 ದಾಟಬಾರದು. ಕ್ಯೂಬ್ ಚೀಸ್ ತುರಿದು ಹಾಕುವವರಿದ್ದಾರೆ. ಅದು ಬಿಸಿನೀರಿನಲ್ಲಿ ಕರಗಿ ಉಂಡೆಯನ್ನೇ ಸಡಿಲಿಸುತ್ತದೆ, ಬೇಡ. ಅಸಲಿ ಪಾರ್ಮೆಸಾನ್, ಅಂದರೆ ಪಾರ್ಮಿಜಾನೊ ರೆಜ್ಜಾನೊಗೆ, ಕರುವಿನ ಹೊಟ್ಟೆಯ ರೆನೆಟ್ (ಹಾಲು ಹೆಪ್ಪುಗಟ್ಟಿಸುವ ಕಿಣ್ವ) ಕಡ್ಡಾಯ, ಆದ್ದರಿಂದ ಸಸ್ಯಾಹಾರಿಗಳು ಮೈಕ್ರೋಬಿಯಲ್ (ಸೂಕ್ಷ್ಮಜೀವಿಗಳಿಂದ ತೆಗೆದ) ರೆನೆಟ್ ಎಂದು ಬರೆದಿರುವ ಗಟ್ಟಿ ಚೀಸ್ ಹುಡುಕಬೇಕು. ಮೊಟ್ಟೆ ಬೇಡದವರು ಅದನ್ನು ಬಿಟ್ಟು, ಮೈದಾ 20 ಗ್ರಾಂ ಹೆಚ್ಚಿಸಿ, ಹಿಟ್ಟನ್ನು ಫ್ರಿಜ್‌ನಲ್ಲಿ ಒಂದು ಗಂಟೆ ಇಡಲಿ.

ರಿಕೋಟಾವನ್ನು ಜರಡಿಯಲ್ಲಿ ಒತ್ತಿ ನುಣ್ಣಗೆ ಮಾಡಿ, ಉಳಿದದ್ದೆಲ್ಲ ಸೇರಿಸಿ, ಮೈದಾವನ್ನು ಕೊನೆಗೆ ಉದುರಿಸಿ ಫೋರ್ಕ್‌ನಲ್ಲಿ ಮಡಚುತ್ತಾ ಬೆರೆಸಿ. ನಾದಲೇಬಾರದು, ನಾದಿದಷ್ಟೂ ಮೈದಾದ ಅಂಟು, ಗ್ಲುಟೆನ್, ಬಿಗಿಯುತ್ತದೆ. ಒಣ ಹಿಟ್ಟು ಕಾಣದಂತಾದರೆ ನಿಲ್ಲಿಸಿ. ಮೆತ್ತಗಿದ್ದು, ಬೆರಳಿಗೆ ತುಸು ಅಂಟುವ ಹದ ಸರಿ. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಉರುಳಿಸಲು ಬರುತ್ತದೆ.

ಎಲ್ಲವನ್ನೂ ಕತ್ತರಿಸುವ ಮುಂಚೆ ಒಂದೇ ಒಂದನ್ನು ಬೇಯಿಸಿ ನೋಡಿ. ಈ ಹಂತ ಬಿಟ್ಟವರೇ ಆಮೇಲೆ ಪಾತ್ರೆ ತುಂಬ ಗಂಜಿ ನೋಡುವುದು. ಚೆದುರಿದರೆ ಒಂದು ಚಮಚ ಮೈದಾ ಸೇರಿಸಿ ಮತ್ತೆ ಪರೀಕ್ಷಿಸಿ. ಗಟ್ಟಿಯೆನಿಸಿದರೆ ಅದಕ್ಕೆ ಮದ್ದಿಲ್ಲ, ಹಾಗಾಗಿ ಕಡಿಮೆಯಿಂದಲೇ ಶುರು ಮಾಡಬೇಕು.

ಹೆಬ್ಬೆರಳ ದಪ್ಪಕ್ಕೆ ಹೊಸೆದು, ಎರಡು ಸೆಂಟಿಮೀಟರ್ ತುಂಡು ಮಾಡಿ, ಚಿರೋಟಿ ರವೆ ಉದುರಿಸಿದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಡಿ. ಫೋರ್ಕ್‌ನ ಗೆರೆ ಬೇಕೇಬೇಕೆಂದಿಲ್ಲ, ಈ ಹಿಟ್ಟು ಅಷ್ಟು ಮೆತ್ತಗೆ. ಲೀಟರ್‌ಗೆ ಹತ್ತು ಗ್ರಾಂ ಉಪ್ಪು ಹಾಕಿದ ನೀರು ಸಣ್ಣಗೆ ಕುದಿಯುತ್ತಿರಲಿ. ಕೊತಕೊತ ಕುದಿದರೆ ಒಡೆಯುತ್ತವೆ. ತೇಲಿದ ಮೇಲೆ ಒಂದು ನಿಮಿಷ ಬಿಟ್ಟು ಜಾಲರಿ ಸೌಟಿನಿಂದ ಎತ್ತಿ ನೇರ ಸಾಸ್‌ಗೆ ಹಾಕಿ. ಜರಡಿಗೆ ಸುರಿದರೆ ಒಂದಕ್ಕೊಂದು ಜಜ್ಜಿಹೋಗುತ್ತವೆ.

ಸಾಸ್ ಸರಳವಿದ್ದಷ್ಟು ಒಳ್ಳೆಯದು. 50 ಗ್ರಾಂ ಬೆಣ್ಣೆಯನ್ನು ನೊರೆ ಇಳಿದು ತಳದ ಕಣಗಳು ಕಂದಾಗುವವರೆಗೆ ಕಾಯಿಸಿ, ಏಳೆಂಟು ಸೇಜ್ ಎಂಬ ಸುವಾಸನೆಯ ಎಲೆ ಹಾಕಿ, ನ್ಯೋಕಿ ಬೇಯಿಸಿದ ನೀರು ಎರಡು ಚಮಚ ಸೇರಿಸಿ ಬಾಣಲೆ ಅಲುಗಿಸಿದರೆ ಮುಗಿಯಿತು. ಸೇಜ್ ಸಿಗದಿದ್ದರೆ ಟೊಮೆಟೊ, ಬೆಳ್ಳುಳ್ಳಿ, ಬೇಸಿಲ್ (ನಮ್ಮ ತುಳಸಿಯಲ್ಲ). ಕ್ರೀಮ್ ಸಾಸ್ ನನಗೆ ಒಗ್ಗದು, ಚೀಸ್ ಮೇಲೆ ಮತ್ತೆ ಕ್ರೀಮ್ ಹೊಟ್ಟೆಗೆ ಭಾರ.

ಮಿಕ್ಕಿದ್ದನ್ನು ಹಸಿಯಾಗಿಯೇ ತಟ್ಟೆಯಲ್ಲಿ ಹರಡಿ ಫ್ರೀಜರ್‌ನಲ್ಲಿ ಕಲ್ಲಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ಕರಗಲು ಬಿಡದೆ ನೇರ ಕುದಿನೀರಿಗೆ, ಸಲಕ್ಕೆ ಹತ್ತು ಹನ್ನೆರಡು ಮಾತ್ರ. ಒಟ್ಟಿಗೆ ಹಾಕಿದರೆ ನೀರು ತಣ್ಣಗಾಗಿ ಎಲ್ಲ ತಳಕ್ಕೆ ಅಂಟಿಕೊಳ್ಳುತ್ತವೆ.